ಸೈಕಲ್ಲಿಗೆ ವಿಮೆಯಿಲ್ಲ, ಸವಾರನಿಗೆ ಹಕ್ಕಿದೆ

ಡಿಸೆಂಬರಿನಲ್ಲಿ ದೋಹಾದ ಸೂರ್ಯ ಸಂಜೆ ನಾಲ್ಕೂಮುಕ್ಕಾಲಿಗೆಲ್ಲ ಮುಳುಗಿಬಿಡುತ್ತಾನೆ. ಕಂಪನಿ ಬಸ್ಸು ಕೆಲಸಗಾರರನ್ನು ಕ್ಯಾಂಪಿನ ಬಾಗಿಲಲ್ಲಿ ಇಳಿಸುವ ಹೊತ್ತಿಗೆ ಪೂರ್ತಿ ಕತ್ತಲು. ಅಡುಗೆಯ ಸರದಿ ಇದ್ದವರಿಗೆ ತರಕಾರಿ ಬೇಕು, ಸಂಬಳ ಬಂದವರಿಗೆ ಊರಿಗೆ ಹಣ ಕಳಿಸಬೇಕು, ಇನ್ನು ಕೆಲವರಿಗೆ ಬೇರೆ ಕ್ಯಾಂಪಿನಲ್ಲಿರುವ ಊರಿನವರನ್ನು ಕಂಡು ಮಾತಾಡಬೇಕು. ಇಷ್ಟಕ್ಕೆಲ್ಲ ಅನೇಕರ ಬಳಿ ಇರುವುದು ಒಂದು ಹಳೆಯ ಸೈಕಲ್. ಅದಕ್ಕೆ ದೀಪ ಇರುವುದು ಅಪರೂಪ.

ಬರ್ವಾ ಅಲ್ ಬರಾಹಾ ಇಂಥ ಸಂಜೆಗಳ ಊರು. ಬರ್ವಾ ರಿಯಲ್ ಎಸ್ಟೇಟ್ ಕಂಪನಿ ದೋಹಾದ ಹೊರವಲಯದಲ್ಲಿ, ಎಲ್ಲರೂ ಸನಾಯಾ ಎಂದು ಕರೆಯುವ ಕೈಗಾರಿಕಾ ಪ್ರದೇಶಕ್ಕೆ ಹತ್ತಿರದಲ್ಲಿ ಕಟ್ಟಿದ ಈ ವಸತಿ ಸಮುಚ್ಚಯದಲ್ಲಿ ಸುಮಾರು 53,000 ಕೆಲಸಗಾರರು ಇರಬಹುದು. ಕರ್ನಾಟಕದ ಒಂದು ತಾಲ್ಲೂಕು ಕೇಂದ್ರದಷ್ಟು ಜನ. ಆದರೆ ತಾಲ್ಲೂಕು ಕೇಂದ್ರದಲ್ಲಿ ಇಲ್ಲದ್ದು ಒಂದು ಇಲ್ಲಿದೆ: ಸಾವಿರಾರು ಟ್ರಕ್ಕುಗಳು ನಿಲ್ಲುವ ಬಯಲು. ಮನುಷ್ಯ ಓಡಿಸುವ ಅತಿ ಹಗುರ ವಾಹನವೂ ಅತಿ ಭಾರದ ವಾಹನವೂ ಅಕ್ಕಪಕ್ಕದಲ್ಲೇ ಓಡಾಡುತ್ತವೆ.

ಕತಾರಿನಲ್ಲಿ ದುಡಿಯುವ ಕನ್ನಡಿಗರೆಂದರೆ ಸಂಘಗಳ ರಾಜ್ಯೋತ್ಸವ, ತುಳು ಕೂಟದ ನಾಟಕ, ಮಂಗಳೂರಿನ ಕಡೆಯ ಎಂಜಿನಿಯರು ಮತ್ತು ಅಕೌಂಟೆಂಟರು ನೆನಪಾಗುತ್ತಾರೆ. ಕಾರಿನಲ್ಲಿ ಓಡಾಡುವ ಅವರ ಬಗ್ಗೆ ಬರೆಯುವವರು ಸಾಕಷ್ಟಿದ್ದಾರೆ. ಎಲೆಕ್ಟ್ರಿಷಿಯನ್, ಸೆಕ್ಯುರಿಟಿ ಗಾರ್ಡ್, ಮೇಸ್ತ್ರಿ, ಕ್ಲೀನರ್, ತೋಟದ ಆಳಾಗಿ ಹೋದವರೂ ಇದ್ದಾರೆ. ಅವರಲ್ಲಿ ಸೈಕಲ್ ತುಳಿಯುವವನಿಗೆ ಡಿಕ್ಕಿಯಾದರೆ ಕಾನೂನು ಏನು ಕೊಡುತ್ತದೆ, ವಿಮೆ ಎಲ್ಲಿಂದ ಬರುತ್ತದೆ, ಡಿಕ್ಕಿಯೇ ಆಗದಂತೆ ಏನು ಮಾಡಬಹುದು ಎಂಬುದು ಅವನಿಗಾಗಲಿ, ಊರಿನಲ್ಲಿರುವ ಮನೆಯವರಿಗಾಗಲಿ ಸ್ಪಷ್ಟವಾಗಿ ಗೊತ್ತಿರುವುದಿಲ್ಲ. ಗೊತ್ತಿಲ್ಲದ ಕಾರಣಕ್ಕೇ ಕೈತಪ್ಪುವ ಹಣ ಸಣ್ಣದಲ್ಲ.

ಮೊದಲ ಅಪಾಯ ದೇಶದ ಗಡಿ ದಾಟಿದ ದಿನವೇ ಶುರುವಾಗುತ್ತದೆ. ಭಾರತದಲ್ಲಿ ವಾಹನಗಳು ರಸ್ತೆಯ ಎಡಕ್ಕೆ, ಕತಾರಿನಲ್ಲಿ ಬಲಕ್ಕೆ. ಇದನ್ನು ಒಂದು ಸಾಲಿನಲ್ಲಿ ಹೇಳಿ ಮುಗಿಸಬಹುದು. ಮೈಗೆ ಕಲಿಸುವುದಕ್ಕೆ ಮಾತ್ರ ತಿಂಗಳುಗಳು ಬೇಕು. ಹತ್ತನೆಯ ವಯಸ್ಸಿನಿಂದ ಎಡಬದಿಯಲ್ಲಿ ಪೆಡಲ್ ತುಳಿದವನು ಯೋಚಿಸದೆ ಹೊರಟರೆ ಎಡಕ್ಕೇ ಹೋಗುತ್ತಾನೆ, ಅಂದರೆ ಎದುರು ಬರುವ ವಾಹನಗಳ ಮುಖಕ್ಕೆ. ರಸ್ತೆ ದಾಟುವಾಗ ನಮ್ಮ ಕತ್ತು ಮೊದಲು ಬಲಕ್ಕೆ ತಿರುಗುತ್ತದೆ. ಅಲ್ಲಿ ಹತ್ತಿರದ ವಾಹನ ಬರುವುದು ಎಡದಿಂದ. ನಮ್ಮ ಸರ್ಕಲ್ಲುಗಳಲ್ಲಿ ಗಡಿಯಾರದ ಮುಳ್ಳಿನಂತೆ ಸುತ್ತುತ್ತೇವೆ; ದೋಹಾದ ರೌಂಡಬೌಟುಗಳಲ್ಲಿ ಮುಳ್ಳಿಗೆ ಎದುರಾಗಿ. ಕಾರು ಓಡಿಸಬೇಕಾದವನು ಇದನ್ನೆಲ್ಲ ಡ್ರೈವಿಂಗ್ ಶಾಲೆಯಲ್ಲಿ ಕಲಿತು, ಪರೀಕ್ಷೆ ಬರೆದು, ಲೈಸೆನ್ಸ್ ಪಡೆದು ರಸ್ತೆಗಿಳಿಯುತ್ತಾನೆ. ಸೈಕಲ್ಲಿನವನಿಗೆ ಲೈಸೆನ್ಸ್ ಬೇಡ. ಆದ್ದರಿಂದ ಪಾಠವೂ ಇಲ್ಲ.

ಟ್ರಕ್ಕಿನ ವಿಷಯದಲ್ಲಿ ಈ ಅದಲುಬದಲು ಇನ್ನೂ ಆಳಕ್ಕೆ ಹೋಗುತ್ತದೆ. ಭಾರತದ ಲಾರಿ ಚಾಲಕ ಬಲಗಡೆ ಕೂರುತ್ತಾನೆ, ಅವನಿಗೆ ಕಾಣದ ಜಾಗ ಹೆಚ್ಚಾಗಿ ಎಡಮಗ್ಗುಲು. ಕತಾರಿನ ಚಾಲಕ ಎಡಗಡೆ ಕೂರುತ್ತಾನೆ, ಅವನ ಕುರುಡು ಮಗ್ಗುಲು ಬಲ. ನಿಯಮ ಪಾಲಿಸಿ ಬಲ ಅಂಚಿನಲ್ಲಿ ಹೋಗುವ ಸೈಕಲ್ ಸವಾರ ನಿಲ್ಲುವುದು ಸರಿಯಾಗಿ ಅಲ್ಲೇ. ಸಿಗ್ನಲ್ಲಿನಲ್ಲಿ ಟ್ರಕ್ಕಿನ ಪಕ್ಕ ಜಾಗ ಸಿಕ್ಕಿತೆಂದು ಮುಂದೆ ನುಸುಳಿದರೆ, ಹಸಿರು ಬಿದ್ದು ಟ್ರಕ್ಕು ಬಲಕ್ಕೆ ತಿರುಗಿದಾಗ ಅದರ ಹಿಂಬದಿ ಚಕ್ರಗಳು ಮುಂಬದಿ ಚಕ್ರಗಳಿಗಿಂತ ಒಳಮೈಯಲ್ಲಿ ಸುತ್ತುತ್ತವೆ. ಸವಾರ ಆ ಒಳಮೈಯಲ್ಲಿರುತ್ತಾನೆ. ಟ್ರಕ್ಕಿನ ಕನ್ನಡಿಯಲ್ಲಿ ಚಾಲಕನ ಮುಖ ಸವಾರನಿಗೆ ಕಾಣದಿದ್ದರೆ ಚಾಲಕನಿಗೂ ಅವನು ಕಾಣುತ್ತಿಲ್ಲ ಎಂದೇ ಅರ್ಥ. ಹಿಂದೆ ನಿಂತು ಟ್ರಕ್ಕು ಹೋಗಲು ಬಿಡುವುದರಲ್ಲಿ ಕಳೆದುಕೊಳ್ಳುವುದು ಅರ್ಧ ನಿಮಿಷ.

ಜಗತ್ತಿನ ಲೆಕ್ಕದಲ್ಲಿ ಸೈಕಲ್ ಸವಾರರ ಸಾವು ಸಣ್ಣ ಪಾಲಿನಂತೆ ಕಾಣುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2023ರ ವರದಿಯ ಪ್ರಕಾರ 2021ರಲ್ಲಿ ರಸ್ತೆಗಳಲ್ಲಿ ಸತ್ತವರು ಸುಮಾರು 11 ಲಕ್ಷ 90 ಸಾವಿರ. ಅವರಲ್ಲಿ ಸೈಕಲ್ಲಿನವರು ಶೇ. 6. ಆ ಶೇ. 6 ಎಂದರೆ ಎಪ್ಪತ್ತು ಸಾವಿರಕ್ಕೂ ಹೆಚ್ಚು ಜನ. ಅದೇ ಸಂಸ್ಥೆ ಹೇಳುವ ಮತ್ತೊಂದು ಲೆಕ್ಕ ಟ್ರಕ್ಕುಗಳ ರಸ್ತೆಗೆ ಹೆಚ್ಚು ಅನ್ವಯಿಸುತ್ತದೆ: ಸರಾಸರಿ ವೇಗ ಶೇ. 1ರಷ್ಟು ಏರಿದರೆ ಮಾರಕ ಅಪಘಾತದ ಸಾಧ್ಯತೆ ಸುಮಾರು ಶೇ. 4ರಷ್ಟು ಏರುತ್ತದೆ.

ಸೈಕಲ್ಲಿನ ವಿಷಯದಲ್ಲಿ ಕತಾರ್ ಹಿಂದೆ ಬಿದ್ದ ದೇಶವಲ್ಲ. 2002ರಿಂದ 2016ರವರೆಗೆ ಅಲ್ಲಿ ಟೂರ್ ಆಫ್ ಕತಾರ್ ಪಂದ್ಯ ನಡೆಯಿತು. 2016ರ ಅಕ್ಟೋಬರಿನಲ್ಲಿ ರಸ್ತೆ ಸೈಕ್ಲಿಂಗಿನ ವಿಶ್ವ ಚಾಂಪಿಯನ್‌ಷಿಪ್ಪೇ ದೋಹಾಕ್ಕೆ ಬಂತು. ಸ್ಲೊವಾಕಿಯಾದ ಪೀಟರ್ ಸಗಾನ್ ಗೆದ್ದರು. ಲೋಕೋಪಯೋಗಿ ಸಂಸ್ಥೆಯಾದ ಅಶ್ಗಾಲ್ ದೋಹಾದಿಂದ ಉತ್ತರಕ್ಕೆ, ಅಲ್ ಖೋರ್ ರಸ್ತೆಯ ಪಕ್ಕ ಹಾಸಿದ ಸುಮಾರು 33 ಕಿಲೋಮೀಟರಿನ ಒಲಿಂಪಿಕ್ ಸೈಕಲ್ ಪಥ 2020ರಲ್ಲಿ ಗಿನ್ನೆಸ್ ದಾಖಲೆಗೆ ಸೇರಿತು. ಏಳು ಮೀಟರ್ ಅಗಲ, ಅಡ್ಡ ರಸ್ತೆಗಳ ಕಾಟ ತಪ್ಪಿಸಲು ಸುರಂಗಗಳು, ಸೇತುವೆಗಳು. ಕಣ್ಣಿಗೆ ಹಬ್ಬವಾಗುವ ಕಾಮಗಾರಿ. ಆದರೆ ಬರ್ವಾ ಅಲ್ ಬರಾಹಾ ಇರುವುದು ನಗರದ ಇನ್ನೊಂದು ತುದಿಯಲ್ಲಿ. ಈರುಳ್ಳಿ, ಟೊಮೆಟೊ ತರಲು ಹೊರಟವನಿಗೆ ಬೇಕಾದದ್ದು ಮೂವತ್ತಮೂರು ಕಿಲೋಮೀಟರ್ ಅಲ್ಲ. ಕ್ಯಾಂಪಿನ ಗೇಟಿನಿಂದ ಅಂಗಡಿಯವರೆಗೆ, ಮಧ್ಯೆ ಕಡಿಯದ ಎರಡು ಕಿಲೋಮೀಟರ್. ಒಂದು ದೇಶದ ಸೈಕಲ್ ವ್ಯವಸ್ಥೆಯನ್ನು ಅಳೆಯಬೇಕಾದದ್ದು ಆ ಎರಡು ಕಿಲೋಮೀಟರಿನಲ್ಲಿ. ಬೆಂಗಳೂರಿಗೂ ಇದೇ ಮಾತು ಹೇಳಬೇಕು. 2020ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಕಂಬ ನೆಟ್ಟು ಮಾಡಿದ ಸೈಕಲ್ ಪಥ ಉಳಿಯಲಿಲ್ಲ. ಮೈಸೂರಿನಲ್ಲಿ 2017ರ ಜೂನ್‌ನಲ್ಲಿ ಶುರುವಾದ ಟ್ರಿಣ್ ಟ್ರಿಣ್ ಬಾಡಿಗೆ ಸೈಕಲ್ಲುಗಳು ಒಳ್ಳೆಯ ಹೆಸರು ಗಳಿಸಿದರೂ ಅವಕ್ಕೆಂದೇ ಮೀಸಲಾದ ರಸ್ತೆ ನಗರದ ತುಂಬ ಹರಡಲಿಲ್ಲ.

ಕತಾರಿನ ಸಂಚಾರ ಕಾನೂನು 2007ರ 19ನೇ ಸಂಖ್ಯೆಯದು. ಸಂಚಾರ ಇಲಾಖೆ ಸೈಕಲ್ ಸವಾರರಿಂದ ಕೇಳುವುದು ಹೆಚ್ಚೇನಲ್ಲ. ಸೈಕಲ್ ಪಥ ಇರುವಲ್ಲಿ ಅದರಲ್ಲೇ ಹೋಗಬೇಕು, ಇಲ್ಲದಲ್ಲಿ ಬಲ ಅಂಚಿನಲ್ಲಿ. ತಲೆಗೆ ಹೆಲ್ಮೆಟ್, ಮೈಮೇಲೆ ಬೆಳಕು ಹೊಳೆಯುವ ಜಾಕೆಟ್, ಸೈಕಲ್ಲಿಗೆ ಮುಂದೆ ಮತ್ತು ಹಿಂದೆ ದೀಪ. ಹಳೆಯ ಮೈಸೂರಿನ, ಧಾರವಾಡದ ಹಿರಿಯರಿಗೆ ಇದು ಹೊಸದೆನ್ನಿಸದು. ಪುರಸಭೆಗೆ ವರ್ಷಕ್ಕೊಮ್ಮೆ ತೆರಿಗೆ ಕಟ್ಟಿ ಹ್ಯಾಂಡಲ್ಲಿಗೆ ಬಿಲ್ಲೆ ಸಿಕ್ಕಿಸಿಕೊಳ್ಳುತ್ತಿದ್ದ ಕಾಲದಲ್ಲಿ, ರಾತ್ರಿ ಡೈನಮೋ ಇಲ್ಲದೆ ಹೋದರೂ ಕ್ಯಾರಿಯರ್ ಮೇಲೆ ಗೆಳೆಯನನ್ನು ಕೂರಿಸಿಕೊಂಡರೂ ಪೊಲೀಸರು ಹಿಡಿಯುತ್ತಿದ್ದರು. ಇಂದು ಭಾರತದಲ್ಲಿ ಸೈಕಲ್ ಸವಾರನಿಗೆ ಹೆಲ್ಮೆಟ್ ಕಡ್ಡಾಯವಲ್ಲ. 1988ರ ಮೋಟಾರು ವಾಹನ ಕಾಯ್ದೆಯ ಹೆಲ್ಮೆಟ್ ನಿಯಮ ಮೋಟಾರ್ ಸೈಕಲ್ಲಿಗೆ ಮಾತ್ರ.

ಹೆಲ್ಮೆಟ್ಟಿನ ಲಾಭದ ಬಗ್ಗೆ ವಾದಗಳಿವೆ, ಆದರೆ ತಲೆಯ ಮಟ್ಟಿಗೆ ಪುರಾವೆ ಗಟ್ಟಿಯಾಗಿದೆ. ಆಸ್ಟ್ರೇಲಿಯಾದ ಸಂಶೋಧಕರು 2016ರಲ್ಲಿ 40 ಅಧ್ಯಯನಗಳನ್ನು, ಗಾಯಗೊಂಡ 64,000ಕ್ಕೂ ಹೆಚ್ಚು ಸವಾರರ ವಿವರಗಳನ್ನು ಒಟ್ಟುಗೂಡಿಸಿದಾಗ, ಹೆಲ್ಮೆಟ್ ಧರಿಸಿದವರಲ್ಲಿ ತಲೆಯ ಗಾಯದ ಸಾಧ್ಯತೆ ಅರ್ಧದಷ್ಟು, ಗಂಭೀರ ಗಾಯದ್ದು ಮೂರನೇ ಎರಡರಷ್ಟು ಕಡಿಮೆ ಎಂದು ಕಂಡುಬಂತು. ಡೆನ್ಮಾರ್ಕಿನಲ್ಲಿ ಸುಮಾರು 6,800 ಸವಾರರ ಮೇಲೆ ನಡೆಸಿದ ಪ್ರಯೋಗದಲ್ಲಿ, ಹೊಳೆಯುವ ಹಳದಿ ಜಾಕೆಟ್ ತೊಟ್ಟವರಿಗೆ ಬೇರೆಯವರು ಬಂದು ತಾಗಿ ಗಾಯವಾಗುವ ಅಪಘಾತಗಳು ಶೇ. 47ರಷ್ಟು ಕಡಿಮೆಯಾದವು.

ಈ ಜಾಕೆಟ್ಟನ್ನು ಕ್ಯಾಂಪಿನ ಮನುಷ್ಯ ಹೊಸದಾಗಿ ಕೊಳ್ಳಬೇಕಿಲ್ಲ. ಹಗಲೆಲ್ಲ ಸೈಟಿನಲ್ಲಿ ಅವನು ಅದನ್ನೇ ತೊಟ್ಟಿರುತ್ತಾನೆ, ತೊಡದಿದ್ದರೆ ಸೇಫ್ಟಿಯವರು ಒಳಗೆ ಬಿಡುವುದಿಲ್ಲ. ಸಂಜೆ ಅದು ಮಂಚದ ಕಂಬಿಗೆ ನೇತುಬೀಳುತ್ತದೆ. ಅವನು ಕಪ್ಪು ಟೀಶರ್ಟಿನಲ್ಲಿ ಸೈಕಲ್ ಹತ್ತುತ್ತಾನೆ. ದಿನವಿಡೀ ಬೆವರಿದ ಬಟ್ಟೆಯನ್ನು ಮತ್ತೆ ಹಾಕಿಕೊಳ್ಳಲು ಮನಸ್ಸಾಗದಿರುವುದು ಸಹಜ. ಹಾಗಿದ್ದರೂ ರೂಮಿನಲ್ಲಿ ಒಗೆದ ಜಾಕೆಟ್ ಒಂದನ್ನು ಸೈಕಲ್ಲಿನ ಜೊತೆಗೇ ಇಟ್ಟುಬಿಟ್ಟರೆ ಯಾರು ಹೊರಟರೂ ಅದು ಜೊತೆಗೆ ಹೋಗುತ್ತದೆ. ಸೈಟಿನ ಹೆಲ್ಮೆಟ್ ಮಾತ್ರ ಸೈಕಲ್ಲಿಗೆ ಆಗದು. ಅದು ಮೇಲಿನಿಂದ ಬೀಳುವ ವಸ್ತುವಿಗೆಂದು ಮಾಡಿದ್ದು. ಸೈಕಲ್ ಹೆಲ್ಮೆಟ್ಟಿನ ಒಳಗಿನ ದಪ್ಪ ಫೋಮು ನೆಲಕ್ಕೆ ಬಡಿದಾಗ ತಾನು ನುಚ್ಚಾಗಿ ಏಟನ್ನು ಹೀರಿಕೊಳ್ಳುತ್ತದೆ. ಒಮ್ಮೆ ಹಾಗೆ ಬಡಿದ ಹೆಲ್ಮೆಟ್ಟನ್ನು ಮತ್ತೆ ನಂಬಬಾರದು.

ಬಿಸಿಲನ್ನೂ ರಸ್ತೆಯ ಅಪಾಯಗಳ ಸಾಲಿಗೇ ಸೇರಿಸಬೇಕು. 2021ರ ಸಚಿವಾಲಯದ ಆದೇಶದಂತೆ ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ಬೆಳಿಗ್ಗೆ 10ರಿಂದ ಮಧ್ಯಾಹ್ನ 3.30ರ ತನಕ ಕತಾರಿನಲ್ಲಿ ಹೊರಾಂಗಣ ಕೆಲಸ ನಿಷಿದ್ಧ. ಆ ಗಂಟೆಗಳು ಪೆಡಲ್ ತುಳಿಯುವುದಕ್ಕೂ ತಕ್ಕವಲ್ಲ. ತಲೆ ಸುತ್ತಿ ಬೀಳುವ ಸವಾರನನ್ನು ಹಿಂದಿನ ಟ್ರಕ್ಕು ಬಿಸಿಲಿಗಿಂತ ಬೇಗ ತಲುಪುತ್ತದೆ.

ಇನ್ನು ಹಣದ ವಿಷಯ. ಇಲ್ಲಿ ಗೊಂದಲವೂ ಹೆಚ್ಚು, ತಿಳಿದುಕೊಂಡರೆ ಸಿಗುವುದೂ ಹೆಚ್ಚು.

ಸೈಕಲ್ಲಿಗೆ ಪ್ರತ್ಯೇಕ ವಿಮೆ ಇಲ್ಲ, ಹಾಗಾಗಿ ಅಪಘಾತವಾದರೆ ಏನೂ ಸಿಗುವುದಿಲ್ಲ ಎಂಬ ಮಾತು ಕ್ಯಾಂಪುಗಳಲ್ಲಿ ಸುಲಭವಾಗಿ ಹರಡುವಂಥದ್ದು. ಅದು ತಪ್ಪು. ವಿಮೆ ಇರಬೇಕಾದದ್ದು ಡಿಕ್ಕಿ ಹೊಡೆದ ವಾಹನಕ್ಕೆ. ಭಾರತದಲ್ಲಿರುವಂತೆ ಕತಾರಿನಲ್ಲೂ ಮೂರನೇ ವ್ಯಕ್ತಿಗೆ ಆಗುವ ಹಾನಿಯ ವಿಮೆ ಇಲ್ಲದೆ ಮೋಟಾರು ವಾಹನದ ನೋಂದಣಿ ನವೀಕರಣವಾಗುವುದಿಲ್ಲ. ಆ ಮೂರನೇ ವ್ಯಕ್ತಿ ಎಂದರೆ ಪಾದಚಾರಿ, ಬೇರೆ ಕಾರಿನವನು, ಸೈಕಲ್ ಸವಾರ ಎಲ್ಲರೂ. ಚಾಲಕನ ತಪ್ಪಿನಿಂದ ಮನುಷ್ಯ ಸತ್ತರೆ ದಿಯಾ, ಅಂದರೆ ಪ್ರಾಣಪರಿಹಾರ ಕೊಡಬೇಕು. 2008ರ 19ನೇ ಸಂಖ್ಯೆಯ ಕಾನೂನು ಉದ್ದೇಶವಿಲ್ಲದೆ ಸಂಭವಿಸಿದ ಸಾವಿಗೆ ಇದನ್ನು 2 ಲಕ್ಷ ರಿಯಾಲ್ ಎಂದು ನಿಗದಿ ಮಾಡಿದೆ. ಇಂದಿನ ವಿನಿಮಯದಲ್ಲಿ 45 ಲಕ್ಷ ರೂಪಾಯಿಗೂ ಮೇಲೆ. ಸತ್ತವನು ಮ್ಯಾನೇಜರನೋ ಮಾಲಿಯೋ ಎಂಬ ಭೇದ ಈ ಮೊತ್ತಕ್ಕಿಲ್ಲ. ಬದುಕುಳಿದು ಅಂಗ ಊನವಾದರೆ ವೈದ್ಯರು ಬರೆಯುವ ಊನದ ಪ್ರಮಾಣಕ್ಕೆ ತಕ್ಕಂತೆ ಇದರ ಅಂಶ ಸಿಗುತ್ತದೆ.

ಕರ್ನಾಟಕದ ಲೆಕ್ಕ ಬೇರೆ. ಇಲ್ಲಿ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ ಸತ್ತವನ ವಯಸ್ಸು, ಆದಾಯ, ಅವಲಂಬಿತರನ್ನು ನೋಡಿ ಮೊತ್ತ ಕಟ್ಟುತ್ತದೆ. ತಪ್ಪು ಯಾರದೆಂದು ಸಾಬೀತು ಮಾಡದೆಯೇ ಕೇಳಬಹುದಾದ ಪರಿಹಾರ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ ಎರಡೂವರೆ ಲಕ್ಷ. ಗುದ್ದಿ ಓಡಿಹೋದ ವಾಹನ ಪತ್ತೆಯಾಗದಿದ್ದರೆ 2022ರ ಏಪ್ರಿಲ್‌ನಿಂದ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ. ಅದಕ್ಕೆ ಮುಂಚೆ ಅದು 25,000 ಮತ್ತು 12,500 ಇತ್ತೆಂಬುದನ್ನು ನೆನೆದರೆ ಬಡ ಸವಾರನ ಜೀವಕ್ಕೆ ಎಷ್ಟು ಕಾಲ ಎಂಥ ಬೆಲೆ ಕಟ್ಟಿದ್ದೆವು ಎಂದು ಸಂಕಟವಾಗುತ್ತದೆ. ಯುರೋಪಿನ ಕೆಲವು ದೇಶಗಳು ಇನ್ನೊಂದು ಹೆಜ್ಜೆ ಮುಂದಿವೆ. ನೆದರ್‌ಲೆಂಡ್ಸಿನಲ್ಲಿ ಕಾರು ಸೈಕಲ್ಲಿಗೆ ತಾಗಿದರೆ ಹೊಣೆ ಮೊದಲು ಕಾರಿನವನದು. ಸವಾರ ವಯಸ್ಕನಾಗಿದ್ದು ಅವನದೂ ತಪ್ಪಿದ್ದರೂ ಸಾಮಾನ್ಯವಾಗಿ ಅರ್ಧ ಪರಿಹಾರ ಖಚಿತ. ಹದಿನಾಲ್ಕಕ್ಕಿಂತ ಚಿಕ್ಕ ಮಗುವಾದರೆ ಪೂರ್ತಿ. ಭಾರದ ವಾಹನ ತಂದವನೇ ಅಪಾಯವನ್ನೂ ತಂದವನು ಎಂಬ ಈ ತರ್ಕ ಟ್ರಕ್ಕುಗಳ ನಡುವೆ ಬದುಕುವ ಯಾವ ಊರಿಗೂ ಒಪ್ಪುವಂಥದ್ದು.

ಡಿಕ್ಕಿ ಹೊಡೆದ ವಾಹನದ ವಿಮೆ ಪರಿಹಾರದ ಮೊದಲ ಬಾಗಿಲಾದರೆ, ಎರಡನೆಯ ಬಾಗಿಲು ಕೆಲಸ ಕೊಟ್ಟ ಕಂಪನಿಯದು. ಕತಾರಿನ 2004ರ ಕಾರ್ಮಿಕ ಕಾನೂನು ಕೆಲಸದ ಗಾಯ ಎಂಬುದಕ್ಕೆ ಕೊಡುವ ಅರ್ಥ ವಿಶಾಲವಾಗಿದೆ: ಕೆಲಸಕ್ಕೆ ಹೋಗುವ ಅಥವಾ ಕೆಲಸದಿಂದ ಮರಳುವ ದಾರಿಯಲ್ಲಿ ಆದ ಅಪಘಾತವೂ ಅದರೊಳಗೆ ಬರುತ್ತದೆ. ಷರತ್ತು ಒಂದೇ, ಮಧ್ಯೆ ಎಲ್ಲೂ ನಿಲ್ಲದೆ ಮಾಮೂಲು ದಾರಿ ಬಿಡದೆ ಹೋಗಿರಬೇಕು. ಬೆಳಗಿನ ಪಾಳಿಗೆ ಸೈಕಲ್ಲಿನಲ್ಲಿ ನೇರ ಹೊರಟ ಗಾರ್ಡ್ ಈ ರಕ್ಷಣೆಯೊಳಗಿದ್ದಾನೆ. ಮರಳುವಾಗ ದಾರಿ ಬಿಟ್ಟು ತರಕಾರಿ ಅಂಗಡಿಗೆ ತಿರುಗಿದವನು ಇದನ್ನು ಕಳೆದುಕೊಳ್ಳಬಹುದು. ಕ್ಯಾಂಪಿನಿಂದ ಸಂಜೆ ಸ್ವಂತ ಕೆಲಸಕ್ಕೆ ಹೊರಟವನು ಇದರ ಹೊರಗೆ. ಹೆಚ್ಚಿನವರು ಸೈಟಿಗೆ ಹೋಗುವುದು ಕಂಪನಿ ಬಸ್ಸಿನಲ್ಲಿ, ಸೈಕಲ್ ತುಳಿಯುವುದು ಸಂಜೆಯ ಮೇಲೆ. ಹೀಗಾಗಿ ಕಾನೂನಿನ ಈ ಕೊಡೆ ಮಳೆ ಬರುವ ಹೊತ್ತಿಗೆ ಅನೇಕರ ತಲೆಯ ಮೇಲೆ ಇರುವುದಿಲ್ಲ. ಒಳಗಿರುವವರಿಗಾದರೋ ಹಕ್ಕು ದೊಡ್ಡದು: ಚಿಕಿತ್ಸೆ ಮಾಲೀಕನ ಖರ್ಚು, ಚಿಕಿತ್ಸೆಯ ಅವಧಿಯಲ್ಲಿ ಆರು ತಿಂಗಳವರೆಗೆ ಪೂರ್ಣ ಸಂಬಳ, ಸತ್ತರೆ ವಾರಸುದಾರರಿಗೆ ದಿಯಾದ ಲೆಕ್ಕದಲ್ಲೇ ಪರಿಹಾರ. ಅಪಘಾತವನ್ನು ಪೊಲೀಸರಿಗೂ ಕಾರ್ಮಿಕ ಇಲಾಖೆಗೂ ಕೂಡಲೇ ತಿಳಿಸುವುದು ಕಂಪನಿಯ ಕರ್ತವ್ಯ. ಕೇಳಿಕೊಳ್ಳುವ ಹಕ್ಕಿಗೆ ಒಂದು ವರ್ಷದ ಗಡುವಿದೆ, ಊರಿನಲ್ಲಿ ವರ್ಷಾಂತಿಕ ಮುಗಿಸಿ ನಂತರ ಕಾಗದ ಹುಡುಕಲು ಕುಳಿತರೆ ತಡವಾಗಿರುತ್ತದೆ.

ಮೂರನೆಯದು ಭಾರತದಿಂದ ಹೊರಡುವಾಗಲೇ ಕೈಗೆ ಬಂದಿರುವ ವಿಮೆ. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿಗೆ ಕತಾರ್ ಸೇರಿದಂತೆ 18 ದೇಶಗಳಿಗೆ ಕೆಲಸಕ್ಕೆ ಹೋಗಲು ವಲಸೆ ಅನುಮತಿ ಬೇಕು. ಆ ಅನುಮತಿಯ ಜೊತೆ ಪ್ರವಾಸಿ ಭಾರತೀಯ ಬಿಮಾ ಯೋಜನೆ ಕಡ್ಡಾಯ. 2003ರಲ್ಲಿ ಶುರುವಾಗಿ 2017ರಲ್ಲಿ ಪರಿಷ್ಕೃತವಾದ ಈ ಯೋಜನೆಯಲ್ಲಿ ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375, ಮೇಲೆ ತೆರಿಗೆ. ಅಪಘಾತದಲ್ಲಿ ಸತ್ತರೆ ಅಥವಾ ಶಾಶ್ವತ ಅಂಗವೈಕಲ್ಯದಿಂದ ಕೆಲಸ ಹೋದರೆ 10 ಲಕ್ಷ. ಕೆಲಸದ ವೇಳೆಯೇ ಆಗಿರಬೇಕೆಂದಿಲ್ಲ, ಕಂಪನಿ ಬದಲಾದರೂ ಅಡ್ಡಿಯಿಲ್ಲ. ಅಂದರೆ ಸಂಜೆ ತರಕಾರಿಗೆ ಹೊರಟ ಸವಾರನಿಗೂ ಇದು ಅನ್ವಯಿಸುತ್ತದೆ. ಏಜೆಂಟನೇ ಎಲ್ಲ ಕಾಗದ ಮಾಡಿಸುವುದರಿಂದ ತನ್ನ ಹೆಸರಿನಲ್ಲಿ ಇಂಥ ಪಾಲಿಸಿ ಇದೆಯೆಂದೇ ತಿಳಿಯದೆ ವಿಮಾನ ಹತ್ತುವವರಿಗೆ ಇದನ್ನು ಕೂರಿಸಿ ಕನ್ನಡದಲ್ಲಿ ಹೇಳುವವರು ಬೇಕು. ಇನ್ನೂ ಎರಡು ತೂತುಗಳಿವೆ. ಎರಡು ಮೂರು ವರ್ಷ ಕಳೆದ ಮೇಲೆ ನವೀಕರಿಸಬೇಕಾದವನು ಕೆಲಸಗಾರನೇ, ನೆನಪಿಸುವವರಿಲ್ಲ. ಹತ್ತನೇ ತರಗತಿ ಪಾಸಾಗಿ ಹೋದ ಗಾರ್ಡಿಗೆ, ಡ್ರೈವರಿಗೆ ಇದು ಮೊದಲಿನಿಂದಲೂ ಕಡ್ಡಾಯವಲ್ಲ. ಒಂದು ತರಗತಿ ಹೆಚ್ಚು ಓದಿದ್ದಕ್ಕೆ ರಕ್ಷಣೆ ಕಡಿಮೆಯಾಗುವುದು ನ್ಯಾಯವಲ್ಲ, ಸರ್ಕಾರ ಇದನ್ನು ತಿದ್ದಬೇಕು.

ಈ ತೂತುಗಳನ್ನು ದೋಹಾದಲ್ಲೇ ಸ್ವಲ್ಪ ಮಟ್ಟಿಗೆ ಮುಚ್ಚಬಹುದು. ಭಾರತೀಯ ರಾಯಭಾರ ಕಚೇರಿಯ ಆಶ್ರಯದಲ್ಲಿ 1984ರಿಂದ ಕೆಲಸ ಮಾಡುತ್ತಿರುವ ಇಂಡಿಯನ್ ಕಮ್ಯುನಿಟಿ ಬೆನೆವೊಲೆಂಟ್ ಫೋರಂ, ಎಲ್ಲರೂ ಐಸಿಬಿಎಫ್ ಎನ್ನುವ ಸಂಸ್ಥೆ, 2020ರಲ್ಲಿ ಒಂದು ಗುಂಪು ಜೀವವಿಮೆ ತಂದಿತು. ಆಗ ನಿಗದಿಯಾದಂತೆ ಎರಡು ವರ್ಷಕ್ಕೆ 125 ರಿಯಾಲ್. ಯಾವ ಕಾರಣದಿಂದ ಸತ್ತರೂ ವಾರಸುದಾರರಿಗೆ 1 ಲಕ್ಷ ರಿಯಾಲ್. ಊರಿನ ಬ್ಯಾಂಕ್ ಖಾತೆಯಿಂದ ವರ್ಷಕ್ಕೆ 20 ರೂಪಾಯಿ ಕಡಿತವಾಗುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ವಿದೇಶದಲ್ಲಿರುವ ಭಾರತೀಯರೂ ಸೇರಬಹುದು. ಅಪಘಾತದ ಸಾವಿಗೆ 2 ಲಕ್ಷ, ಹಣ ರೂಪಾಯಿಯಲ್ಲಿ ಊರಿನಲ್ಲೇ ಸಿಗುತ್ತದೆ. ದಿಯಾ ಮತ್ತು ಕಂಪನಿಯ ಪರಿಹಾರ ಎರಡೂ ಒಟ್ಟಿಗೆ ದಕ್ಕುತ್ತವೆಯೇ ಎಂಬುದು ಪ್ರಕರಣ ನೋಡಿ ವಕೀಲರು ಹೇಳಬೇಕಾದ ಮಾತು. ಆದರೆ ಈ ವಿಮೆಗಳು ಅವರವರೇ ಕಟ್ಟಿದ ಹಣಕ್ಕೆ ಬರುವಂಥವು. ದಿಯಾ ಬಂತೆಂದು ಇವನ್ನು ಕೇಳದೆ ಬಿಡಬಾರದು.

ಈ ಎಲ್ಲ ಬಾಗಿಲುಗಳಿಗೂ ಬೀಗದ ಕೈ ಒಂದೇ: ಅಪಘಾತವಾದ ಜಾಗದಲ್ಲಿ ಹುಟ್ಟುವ ಪೊಲೀಸ್ ವರದಿ. ತಪ್ಪು ಯಾರದೆಂದು ಅದರಲ್ಲಿ ಬರೆದದ್ದೇ ವಿಮಾ ಕಂಪನಿಗೂ ನ್ಯಾಯಾಲಯಕ್ಕೂ ಆಧಾರವಾಗುತ್ತದೆ. ಕೆಳಗೆ ಬಿದ್ದವನು ಮೈ ಕೊಡವಿಕೊಂಡು ಎದ್ದು, ಕಾರಿನವನು ಕೊಟ್ಟ ನೂರು ರಿಯಾಲ್ ಜೇಬಿಗಿಟ್ಟು ಹೊರಟರೆ ವರದಿ ಹುಟ್ಟುವುದೇ ಇಲ್ಲ. ರಾತ್ರಿ ತಲೆ ನೋಯಲು ಶುರುವಾಗಿ ಮರುದಿನ ಪ್ರಜ್ಞೆ ತಪ್ಪಿದರೆ ಆ ಕಾರು ಯಾವುದೆಂದು ಹುಡುಕುವುದು ಹೇಗೆ? ಪೊಲೀಸು, ಕೋರ್ಟು ಎಂದರೆ ಹೆದರಿಕೆ, ಭಾಷೆ ಬಾರದು, ಕೆಲಸ ಹೋದೀತು ಎಂಬ ಅಳುಕು ಎಲ್ಲವೂ ನಿಜ. ಆದರೂ 999ಕ್ಕೆ ಕರೆ ಮಾಡಿ ಪೊಲೀಸರು ಬರುವವರೆಗೆ ಕದಲದಿರುವುದು ಅವನ ಹಕ್ಕು. ಅದೇ ಸಂಖ್ಯೆಗೆ ಆಂಬುಲೆನ್ಸೂ ಬರುತ್ತದೆ. ಕಾರಿನ ನಂಬರಿನ ಒಂದು ಫೋಟೊ, ಬಿದ್ದ ಸೈಕಲ್ಲಿನ ಒಂದು ಫೋಟೊ, ಸುತ್ತ ನಿಂತವರಲ್ಲಿ ಇಬ್ಬರ ಫೋನ್ ನಂಬರು. ಅರಬ್ಬಿಯಲ್ಲಿ ಬರೆದ ಕಾಗದಕ್ಕೆ ಅರ್ಥ ತಿಳಿಯದೆ ಸಹಿ ಹಾಕುವ ಮೊದಲು ಓದಿ ಹೇಳುವವರನ್ನು ಕರೆಯಬೇಕು. ಗಾಯಾಳುವಿಗೆ ಪ್ರಜ್ಞೆ ಇಲ್ಲದಿದ್ದರೆ ಇದೆಲ್ಲ ರೂಮಿನವರ ಕೆಲಸ. ಕಂಪನಿಯ ಮಂದೂಬ್, ಅಂದರೆ ಸರ್ಕಾರಿ ಕಚೇರಿಗಳಿಗೆ ಓಡಾಡುವ ಪ್ರತಿನಿಧಿ, ನೋಡಿಕೊಳ್ಳುತ್ತಾನೆ ಎಂದು ಬಿಡುವಂಥದ್ದಲ್ಲ.

ಸವಾರನ ದೀಪ, ಜಾಕೆಟ್ ಮತ್ತೆ ಇಲ್ಲಿ ಎದುರಾಗುತ್ತವೆ. ಜೀವ ಉಳಿಸುವುದು ಅವುಗಳ ಮೊದಲ ಕೆಲಸ. ಎರಡನೆಯದು, ದೀಪ ಹೊತ್ತಿಸಿ ಬಲ ಅಂಚಿನಲ್ಲಿ ಹೊರಟಿದ್ದವನ ಮೇಲೆ ತಪ್ಪು ಹೊರಿಸುವುದು ಕಷ್ಟ. ಕತ್ತಲಲ್ಲಿ ಎದುರು ದಿಕ್ಕಿನಿಂದ ಬಂದವನ ವಿಷಯದಲ್ಲಿ ಅದು ಸುಲಭ.

ಇನ್ನರ್ಧ ಕೆಲಸ ಊರಿನದು. ವಾರಸುದಾರರು ಯಾರೆಂದು ತೋರಿಸಲು ನಾಡಕಚೇರಿಯ ವಂಶವೃಕ್ಷ ಬೇಕು, ದೋಹಾದಲ್ಲಿ ಪ್ರಕರಣ ನಡೆಸುವವರ ಹೆಸರಿಗೆ ದೃಢೀಕರಿಸಿದ ಅಧಿಕಾರ ಪತ್ರ ಬೇಕು. ಪಾಸ್‌ಪೋರ್ಟಿನಲ್ಲಿ ಒಂದು ಹೆಸರು, ರೇಷನ್ ಕಾರ್ಡಿನಲ್ಲಿ ಇನ್ನೊಂದು, ಆಧಾರಿನಲ್ಲಿ ಮತ್ತೊಂದು ಕಾಗುಣಿತ ಇದ್ದರೆ ಪ್ರತಿಯೊಂದು ಅಕ್ಷರಕ್ಕೂ ತಿಂಗಳು ಅಲೆಯಬೇಕಾಗುತ್ತದೆ. ಬೈಂದೂರಿನಲ್ಲೋ ಗಂಗಾವತಿಯಲ್ಲೋ ಇರುವ ಹೆಂಡತಿಯ ಮೊಬೈಲಿನಲ್ಲಿ ಗಂಡನ ಪಾಸ್‌ಪೋರ್ಟ್, ಕತಾರ್ ಐಡಿ, ಬಿಮಾ ಪಾಲಿಸಿ, ಕಂಪನಿಯ ಕರಾರು ಪತ್ರ, ಜೊತೆಗೆ ಅದೇ ರೂಮಿನ ಇಬ್ಬರ ನಂಬರು ಇರಬೇಕು. ಪಾಲಿಸಿಯಲ್ಲಿ ನಾಮಿನಿಯಾಗಿ ಮದುವೆಗೆ ಮುಂಚೆ ಬರೆಸಿದ ಅಪ್ಪನ ಹೆಸರೇ ಇನ್ನೂ ಇದೆಯೇ ಎಂದು ರಜೆಗೆ ಬಂದಾಗ ಒಮ್ಮೆ ನೋಡಬೇಕು. ಸುರಕ್ಷಾ ಬಿಮಾದ ವರ್ಷ ಜೂನ್ 1ಕ್ಕೆ ಶುರುವಾಗುತ್ತದೆ. ಮೇ ಕೊನೆಯ ವಾರದಲ್ಲಿ ಆ ಖಾತೆಯಲ್ಲಿ ಇಪ್ಪತ್ತು ರೂಪಾಯಿ ಉಳಿದಿದೆಯೇ ಎಂದು ಬ್ಯಾಂಕಿಗೆ ಹೋದವರು ಯಾರಾದರೂ ಕೇಳಿಕೊಂಡು ಬರಬೇಕು.